ನಡುವಿನ ರೂಪಾಯಿ

ಐವತ್ತೈದು ಲಕ್ಷ ರೂಪಾಯಿಯನ್ನು ಹೆಂಡತಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಹಾಳು ಮಾಡಿದಳು ಎಂದು ಕಲ್ಮೇಶ ಅಂಗಳದಲ್ಲಿ ನಿಂತು ಕೂಗಾಡಿದ. ಹಾಲು ಹಾಕಲು ಡೇರಿಗೆ ಹೊರಟಿದ್ದ ಸೋನ್ಯಾಳದ ಜನ ಕ್ಯಾನು ಕೆಳಗಿಟ್ಟು ಕೇಳುತ್ತ ನಿಂತರು. ಒಳಗೆ ಶೈಲಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

ಮನೆಯಲ್ಲಿ ಒಂದು ಹಿತ್ತಾಳೆ ಡಬ್ಬಿ ಇತ್ತು. ಅದರಲ್ಲಿ ಬ್ರಿಟಿಷರ ಕಾಲದ, ರಾಜನ ಮುಖದ ಹನ್ನೊಂದು ಬೆಳ್ಳಿ ರೂಪಾಯಿ. ದಸರೆಗೆ ಒಮ್ಮೆ, ದೀಪಾವಳಿ ಅಮಾವಾಸ್ಯೆಗೆ ಒಮ್ಮೆ ಅವು ಹೊರಗೆ ಬರುತ್ತಿದ್ದವು. ಹುಣಸೆಹಣ್ಣಿನಲ್ಲಿ ತೊಳೆದು, ಇಬತ್ತಿಯ ಬೂದಿಯಿಂದ ತಿಕ್ಕಿ, ಲಕ್ಷ್ಮಿ ಎಂದು ಪೂಜೆಗಿಡುವುದು ಪದ್ಧತಿ. ಮೊದಲು ಅತ್ತೆ ಗುರವ್ವ ತಿಕ್ಕುತ್ತಿದ್ದಳು, ಹದಿನೆಂಟು ವರ್ಷದಿಂದ ಶೈಲಾ. ಈ ದಸರೆಗೂ ತಿಕ್ಕಿದಳು. ಮಾರನೆಯ ದಿನ ಕಲ್ಮೇಶ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಇಂಥ ರೂಪಾಯಿಗೆ ಒಂದೊಂದಕ್ಕೆ ಐದು ಲಕ್ಷ ಕೊಡುತ್ತೇವೆ, ಆದರೆ ಹಳೆಯ ಕಪ್ಪು ಹಾಗೇ ಇರಬೇಕು, ತಿಕ್ಕಿರಬಾರದು ಎಂದು ಟೈ ಕಟ್ಟಿದವನೊಬ್ಬ ಹೇಳುತ್ತಿದ್ದ. ದಾಳಿಂಬೆ ತೋಟಕ್ಕೆ ಔಷಧ ಹೊಡೆಯುವ ಯಂತ್ರ ಕೊಳ್ಳಬೇಕೆಂದು ವರ್ಷದಿಂದ ಒದ್ದಾಡುತ್ತಿದ್ದ ಕಲ್ಮೇಶ ಎದ್ದುಬಿದ್ದು ಡಬ್ಬಿ ತೆಗೆದ. ರೂಪಾಯಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು.

"ಏನ ಹಚ್ಚಿ ತಿಕ್ಕೀದಿ? ಖರೇ ಹೇಳ," ಎಂದು ಅಡುಗೆಮನೆಗೆ ನುಗ್ಗಿದ.

"ಹುಣಸಿಹಣ್ಣ, ಇಬತ್ತಿ. ನಿಮ್ಮವ್ವ ಕಲಿಸಿದ್ದು."

"ಅವ್ವ ತಿಕ್ಕಿದಾಗ ಹಿಂಗ ಹೊಳೀತಿದ್ದಿಲ್ಲ."

"ಅತ್ತ್ಯಾರ ಕೈಯಾಗ ಕಸುವು ಕಡಿಮಿ ಇತ್ತು. ನನ್ನ ಕೈಯಾಗ ಐತಿ. ಅದೂ ತಪ್ಪೇನ್ರಿ?"

ಕಲ್ಮೇಶ ಒಂದು ರೂಪಾಯಿಯನ್ನು ಅವಳ ಮೂಗಿನ ಹತ್ತಿರ ಹಿಡಿದ. ರಾಜನ ಕುತ್ತಿಗೆಯ ಕೆಳಗೆ, ಅಂಚಿನಿಂದ ಒಳಕ್ಕೆ, ಉಗುರಿನಷ್ಟು ಉದ್ದದ ಒಂದು ಕಚ್ಚು ಇತ್ತು. "ಇದೇನಿದು? ತಂತಿ ಬ್ರಶ್ ಹಚ್ಚಿ ಕೆರದೀದಿ."

"ನಾ ಈ ಮನಿಗೆ ಬಂದಾಗಿಂದ ಐತಿ ಅದು."

"ಪಪ್ಪಾ," ಎಂದಳು ಮಗಳು ಸೃಷ್ಟಿ. ಅವಳು ಜತ್ತಿನಲ್ಲಿ ಹನ್ನೆರಡನೆಯ ಇಯತ್ತೆ ಓದುತ್ತಿದ್ದಳು, ಬಸ್ಸಿಗೆ ಹೊರಡುವ ಅವಸರದಲ್ಲಿ ನಿಂತೇ ಚಹಾ ಕುಡಿಯುತ್ತಿದ್ದಳು. "ಒಂದಕ್ಕ ಐದ ಲಾಖ ಕೊಡಾಂವ ವಿಡಿಯೋ ಯಾಕ ಮಾಡ್ತಾನ? ಅಂವಗ ಜನಾ ಹುಡುಕೊಂಡ ಹೋಗ್ತಿದ್ರು."

"ನೀ ಸಾಲಿಗೆ ನಡಿ."

ಕಟ್ಟೆಯ ಮೇಲೆ ಕೂತಿದ್ದ ಶೈಲಾಳ ಮಾವ ಬಸಗೊಂಡ ಗಂಟಲು ಕೆರೆದ. ಎಪ್ಪತ್ತೆಂಟು ವರ್ಷದ ಮನುಷ್ಯ, ಇಂದಿಗೂ ಅವನು ಮಾತಾಡಿದರೆ ಮನೆ ಸುಮ್ಮನಾಗುತ್ತಿತ್ತು. "ನಮ್ಮ ಮುತ್ಯಾ ಕಿಲಾರಿ ಎತ್ತಿನ ಜೋಡಿ ಮಾರಿ ತಂದ ರೂಪಾಯಿ ಅವು. ಪ್ಯಾಟ್ಯಾಗಿಂದ ಸೀದಾ ಡಬ್ಬಿಗಿ ಬಂದಾವ. ಯಾರ ಕೈಗೂ ಹತ್ತಿಲ್ಲ. ಸೊಸಿ ಕೈಯಾಗ ಕೊಟ್ಟಿದ್ದ ತಪ್ಪಾತು."

ಗುರವ್ವ ಏನೂ ಅನ್ನಲಿಲ್ಲ. ಮೂವತ್ತು ವರ್ಷ ಅದೇ ಇಬತ್ತಿಯಿಂದ ಅದೇ ರೂಪಾಯಿ ತಿಕ್ಕಿದ ಹೆಂಗಸು, ನಾನೂ ತಿಕ್ಕಿದ್ದೆನಲ್ಲ ಎಂದು ಒಂದು ಮಾತು ಹೇಳಲಿಲ್ಲ. ಇಂಥ ಮುಚ್ಚಿದ ಬಾಯಿಗಳಿಂದಲೇ ಮನೆಗಳು ಹಾಳಾಗುವುದು.

ಆ ಸಂಜೆ ಕಲ್ಮೇಶ ಹೆಂಡತಿಯ ತವರು ಯಳವಿಗೆ ಫೋನು ಮಾಡಿ ತನ್ನ ಮಾವನಿಗೆ, ಶೈಲಾಳ ಅಪ್ಪನಿಗೆ, ನಿಮ್ಮ ಮಗಳು ನಮ್ಮ ಮನೆಯ ಲಕ್ಷ್ಮಿಯನ್ನೇ ಕೆಡಿಸಿದ್ದಾಳೆ, ನಷ್ಟ ಯಾರು ಭರ್ತಿ ಮಾಡಿಕೊಡುತ್ತಾರೆ ಎಂದು ಕೇಳಿದ. ಸ್ಪೀಕರ್ ಹಾಕಿದ್ದ ಫೋನಿನ ಮಾತನ್ನು ಶೈಲಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅಪ್ಪ ಒಂದು ಮಾತನ್ನೂ ಕೇಳಲಿಲ್ಲ. "ತಪ್ಪಾಗೇತಿ ಅಳಿಯಂದ್ರ, ಹೊಟ್ಟಿಗಿ ಹಾಕ್ಕೋರಿ," ಎಂದ. ಐವತ್ತೈದು ಲಕ್ಷದ ಮಾತಿಗೆ ಬಾರದ ಕಣ್ಣೀರು ಆಗ ಬಂತು. ತನ್ನ ಅಪ್ಪನೇ ನಂಬಿಬಿಟ್ಟ.

ಎರಡು ದಿನ ಶೈಲಾ ಗಂಡನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಹಾಕುವಾಗ ಹೇಳಿದಳು: "ಸಾಂಗ್ಲ್ಯಾಗ ಹಳೇ ನಾಣ್ಯದ ವ್ಯಾಪಾರಿ ಇರ್ತಾರಂತ. ತಿಳದವ್ರಿಗಿ ತೋರಸ್ರಿ. ನಾನೂ ಬರ್ತೀನಿ. ನಾ ಕೆಡಿಸೀನಿ ಅಂತ ಅವರ ಅಂದ್ರ ನಾನ ಯಳವಿ ಬಸ್ ಹತ್ತತೀನಿ."

"ಹತ್ತಬೇಕಾಕ್ಕೈತಿ ನೋಡ."

"ನೋಡೂಣ."

ಸಾಂಗ್ಲಿಯ ಪೇಟೆಯಲ್ಲಿ ಒಂದು ಸಣ್ಣ ಅಂಗಡಿ. ವ್ಯಾಪಾರಿ ವಯಸ್ಸಾದ ಮರಾಠಿ ಮನುಷ್ಯ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹನ್ನೊಂದು ರೂಪಾಯಿಯನ್ನೂ ಒಂದೊಂದಾಗಿ ತಿರುಗಿಸಿ ನೋಡಿದ. ಕಲ್ಮೇಶ ತಡೆಯಲಾರದೆ, "ಇವಳೇ ತಿಕ್ಕಿ ಕೆಡಿಸಿದ್ದು. ಇಲ್ಲದಿದ್ದರೆ ಐದು ಲಕ್ಷ ಆಗುತ್ತಿತ್ತಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದ.

"ಐದು ಲಕ್ಷ ಕೊಡುವವನು ಸಿಕ್ಕರೆ ನನಗೂ ತಿಳಿಸಿ. ನನ್ನ ಹತ್ತಿರ ಇಂಥವು ಒಂದು ಡಬ್ಬ ತುಂಬ ಇವೆ," ಎಂದ ವ್ಯಾಪಾರಿ. ಆಮೇಲೆ ಶೈಲಾಳ ಕಡೆ ತಿರುಗಿದ. "ತಿಕ್ಕಬಾರದಿತ್ತು ತಾಯಿ, ಅದು ನಿಜ. ಈ ಕೂದಲಿನಂಥ ಗೆರೆಗಳೆಲ್ಲ ತಿಕ್ಕಿದ ಗುರುತು. ಆದರೆ ಇವುಗಳ ಬೆಲೆ ಹೋದದ್ದು ಅದರಿಂದಲ್ಲ. ಇಲ್ಲಿ ನೋಡಿ."

ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟ. ಕಲ್ಮೇಶ ಕೈಚಾಚಿದರೂ ಅವನಿಗೆ ಕೊಡಲಿಲ್ಲ.

ರೂಪಾಯಿಯ ಅಂಚಿನ ಸುತ್ತ ಸಣ್ಣ ಸಣ್ಣ ಹಲ್ಲಿನಂಥ ಗೆರೆಗಳಿದ್ದವು. ರಾಜನ ಕಿರೀಟದ ಮೇಲೆ, ನೆತ್ತಿಯ ನೇರಕ್ಕೆ ಮಾತ್ರ ಹಲ್ಲುಗಳು ಕರಗಿ ಒಂದಾಗಿದ್ದವು. ಎರಡನೆಯದರಲ್ಲೂ ಅಲ್ಲೇ. ಮೂರನೆಯದರಲ್ಲೂ ಅಲ್ಲೇ.

"ಅಲ್ಲಿ ಕೊಂಡಿ ಬೆಸೆದಿದ್ದರು," ಎಂದ ವ್ಯಾಪಾರಿ. "ಆಮೇಲೆ ಯಾರೋ ಕಿತ್ತು ಅರದಿಂದ ಉಜ್ಜಿದ್ದಾರೆ. ಕೈಯಿಂದ ಕೈಗೆ ತಿರುಗಿದ ರೂಪಾಯಿ ಎರಡೂ ಕಡೆ ಒಂದೇ ಸಮ ಸವೆಯುತ್ತದೆ. ಉಬ್ಬಿದ ಜಾಗ ಮೊದಲು ಹೋಗುತ್ತದೆ: ರಾಜನ ಕಿವಿ, ಕೆನ್ನೆ, ಕಿರೀಟ. ಇವು ಹಾಗಿಲ್ಲ. ಅಕ್ಷರದ ಕಡೆ ಸಾಬೂನಿನ ಹಾಗೆ ನುಣ್ಣಗಾಗಿದೆ, ಅದು ಎದೆಗೂ ಸೀರೆಗೂ ಉಜ್ಜಿದ್ದು. ರಾಜನ ಕಡೆ ಬರೀ ಪೆಟ್ಟು. ಎಡಕ್ಕೂ ಬಲಕ್ಕೂ ಪಕ್ಕದ ರೂಪಾಯಿ ಬಡಿದ ತಗ್ಗು ಇದೆ. ಇವು ಡಬ್ಬಿಯಲ್ಲಿ ಕೂತ ರೂಪಾಯಿ ಅಲ್ಲ. ಬಗ್ಗಿ ದುಡಿಯುವ ಹೆಂಗಸಿನ ಕೊರಳಲ್ಲಿ ಬಹಳ ವರ್ಷ ನೇತಾಡಿದ ಸರ."

ಶೈಲಾ ಕಚ್ಚು ಬಿದ್ದ ರೂಪಾಯಿಯನ್ನು ಮುಂದೆ ತಳ್ಳಿದಳು. "ಇದು?"

"ಇದು ಹಳೆಯ ಗಾಯ. ತಳದಲ್ಲಿ ಕಪ್ಪು ಕೂತಿದೆ, ಕಚ್ಚಿನ ತುಟಿ ಸವೆದು ದುಂಡಗಾಗಿದೆ. ಹೊಸದಾಗಿ ಕೊಯ್ದಿದ್ದರೆ ತಳ ಹೊಳೆಯುತ್ತಿತ್ತು, ಅಂಚು ಉಗುರಿಗೆ ಚುಚ್ಚುತ್ತಿತ್ತು. ನಿಮ್ಮ ಹೆಂಡತಿ ಹುಟ್ಟುವ ಮೊದಲಿನದು ಇದು ಸಾಹೇಬರೇ. ಮಾರುವುದಿದ್ದರೆ ಬೆಳ್ಳಿಯ ತೂಕದ ರೇಟು ಕೊಡುತ್ತೇನೆ."

ಮರಳಿ ಬರುವ ಬಸ್ಸಿನಲ್ಲಿ ಕಲ್ಮೇಶ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಕವಠೆಮಹಾಂಕಾಳ ದಾಟಿದ ಮೇಲೆ, "ಅಂವ ಕಮ್ಮಿ ರೇಟಿಗಿ ಹೊಡ್ಯಾಕ ಹಂಗ ಹೇಳತಾನ," ಎಂದ.

"ಆತು. ಮತ್ತ ಯಳವಿಗಿ ಫೋನ್ ಹಚ್ಚಿ ನನ್ನ ತಪ್ಪಿಲ್ಲ ಅಂತ ಹೇಳ್ರಿ."

"ನೋಡೂಣ."

"ಏನ ನೋಡೂದು?"

ಅವನು ಮತ್ತೆ ಕಿಟಕಿಯ ಕಡೆ ತಿರುಗಿದ. ಬೈಯುವಾಗ ಇದ್ದ ಗಂಟಲು ತಿದ್ದಿಕೊಳ್ಳುವಾಗ ಯಾವ ಗಂಡಸಿಗೂ ಇರುವುದಿಲ್ಲ.

ರಾತ್ರಿ ಊಟದಲ್ಲಿ ಶೈಲಾ ಎಲ್ಲರ ಎದುರಿಗೇ ಕೇಳಿದಳು. "ಮಾವಾರ, ಆ ರೂಪಾಯಿ ಯಾರರೆ ಕೊರಳಾಗ ಹಾಕ್ಕೋತಿದ್ರೇನ್ರಿ?"

ಬಸಗೊಂಡನ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು. "ಯಾರ ಹಾಕ್ಕೋತಾರ? ನಮ್ಮ ಮನ್ಯಾಗ ಹೆಣ್ಮಕ್ಕಳು ಬಂಗಾರ ಬಿಟ್ಟು ಬೆಳ್ಳಿ ಕೊರಳಿಗಿ ಹಾಕಿದ್ದಿಲ್ಲ."

"ಮತ್ತ ಕೊಂಡಿ ಹಚ್ಚಿದ ಗುರ್ತು ಹ್ಯಾಂಗ ಬಂತು?"

"ಸಾಂಗ್ಲ್ಯಾಗ ಯಾವನೋ ಹೇಳಿದ್ದ ಕಟಗೊಂಡ ಬಂದು ನನಗ ಕೇಳತೀ ಏನ?" ತಾಟನ್ನು ಒದ್ದ. ಸಾರು ಗೋಡೆಗೆ ಹಾರಿತು. ಒಲೆಯ ಮುಂದೆ ಗುರವ್ವನ ರೊಟ್ಟಿ ಹೆಂಚಿನ ಮೇಲೆ ಕರಕಾಗಿ ಹೊಗೆ ಏಳುತ್ತಿದ್ದರೂ ಅವಳು ತಿರುವಿ ಹಾಕಲಿಲ್ಲ. ಶೈಲಾ ಮಾವನನ್ನು ಬಿಟ್ಟು ಅತ್ತೆಯನ್ನೇ ನೋಡಿದಳು.

ನಾಲ್ಕು ದಿನದ ಮೇಲೆ ದಾಳಿಂಬೆ ತೋಟದಲ್ಲಿ ಕಳೆ ತೆಗೆಯುತ್ತಿದ್ದರು. ಕೂಲಿಗೆ ಬಾಳಾಬಾಯಿ ಬಂದಿದ್ದಳು. ಊರ ತೆಂಕಲ ಬದಿಯ, ಬೌದ್ಧರಾದ ದಲಿತರ ವಸ್ತಿಯ ಮುದುಕಿ, ಎಪ್ಪತ್ತರ ಮೇಲಾದರೂ ಸಾಲು ಹಿಡಿದರೆ ಹುಡುಗಿಯರನ್ನು ಹಿಂದೆ ಹಾಕುತ್ತಿದ್ದಳು. ಈ ಮನೆಯ ಹೊಲದಲ್ಲಿ ಐವತ್ತು ವರ್ಷ ದುಡಿದವಳು. ಪ್ರತಿ ಹಬ್ಬಕ್ಕೂ ಗುರವ್ವ ಅವಳಿಗೆ ಉಳಿದ ಆಳುಗಳಿಗಿಂತ ಎರಡು ಹೋಳಿಗೆ ಹೆಚ್ಚು, ತುಪ್ಪ ಸುರಿದು, ಕೊಡುತ್ತಿದ್ದಳು. ಅತ್ತೆಯ ಕೈ ಇವಳೊಬ್ಬಳಿಗೆ ಯಾಕೆ ಇಷ್ಟು ಸಡಿಲ ಎಂದು ಶೈಲಾಗೆ ಆಶ್ಚರ್ಯವಾಗುತ್ತಿತ್ತು.

ಮಧ್ಯಾಹ್ನ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಬಾಳಾಬಾಯಿ ಎಂದಿನಂತೆ ಸತ್ತ ಗಂಡ ಪಂಡಿತನನ್ನು ಬೈಯಲು ಶುರು ಮಾಡಿದಳು. ಅದು ಅವಳ ಊಟದ ಜೊತೆಯ ಉಪ್ಪಿನಕಾಯಿ ಇದ್ದ ಹಾಗೆ, ಯಾರೂ ಕಿವಿಗೊಡುತ್ತಿರಲಿಲ್ಲ. "ಆ ಪಂಡಿತ ನನ್ನ ಸರ ಮಾರಿ ಕುಡೀದಿದ್ರ ಇವತ್ತ ಮೊಮ್ಮಗಳ ಕೊರಳಾಗಿರ್ತಿತ್ತು."

ಶೈಲಾಳ ಕೈಯಲ್ಲಿ ತುತ್ತು ನಿಂತಿತು. "ಯಾವ ಸರ, ಬಾಳವ್ವಾ?"

"ರೂಪಾಯಿ ಸರ. ನಮ್ಮತ್ತಿ ಲಗ್ನದಾಗ ಹಾಕಿದ್ದು. ಹೊಳಿ ಕಡೆ ಕಬ್ಬ ಕಡ್ಯಾಕ ಆರ ತಿಂಗಳ ಹೋಗೂವಾಗ ಮನಿ ಕೀಲಿ ಹಾಕಿ ಹೋಗ್ತಿದ್ವಿ. ಸರಾ ನಿಮ್ಮತ್ತಿ ಕೈಯಾಗ ಇಟ್ಟ ಹೋದೆ. ತಿರಿಗಿ ಬಂದ ಕೇಳಿದ್ರ, ನಿನ್ನ ಗಂಡ ನಡುವ ಬಂದು ಒಯ್ದಾನಲ್ಲ ಅಂದ್ರು ನಿಮ್ಮ ಮಾವ ಗೌಡ್ರು. ಅಂವ ನಡುವ ಒಂದ ಸಲ ಊರಿಗಿ ಬಂದಿದ್ದ ಖರೇ."

"ಪಂಡಿತಪ್ಪ ಏನಂದ?"

"ಮಗನ ತಲಿ ಮ್ಯಾಲ ಕೈಯಿಟ್ಟು ಆಣಿ ಮಾಡಿದ, ಮುಟ್ಟಿಲ್ಲ ಅಂತ. ನಾ ನಂಬಲಿಲ್ಲ. ಗೌಡ್ರು ಸುಳ್ಳ ಹೇಳ್ತಾರೇನ? ಒಂದ ತಿಂಗಳ ಅವಗ ಊಟಾ ಹಾಕದ ತಾಟ ಬೋರಲ ಹಾಕಿದ್ದೆ. ತಾನ ರೊಟ್ಟಿ ಬಡಕೊಂಡ ತಿಂದ. ಊರಾಗ ಸರ ಕುಡದ ಪಂಡಿತ ಅಂತ ಹೆಸರ ಬಿತ್ತು. ಅದಕಿಂತ ಮೊದಲ ಕುಡೀತಿದ್ದಿಲ್ಲ ನೋಡವ್ವ. ಹೆಸರ ಬಿದ್ದ ಮ್ಯಾಲ ಚಾಲೂ ಮಾಡಿದ. ಅದರಾಗ ಸತ್ತ."

"ಎಷ್ಟ ರೂಪಾಯಿ ಇದ್ದು ಸರದಾಗ?"

"ಹನ್ನೊಂದು. ನಡುವಿನ ರೂಪಾಯಿಗಿ ಪೆಟ್ಟ ಬಿದ್ದಿತ್ತು. ಜ್ವಾಳಾ ಕೊಯ್ಯೂವಾಗ ಕುಡಗೋಲ ಜಾರಿ ಎದಿಗಿ ಬಂತು. ರೂಪಾಯಿ ಅಡ್ಡಾತು, ಅದಕ ಉಳದೆ." ಬಾಳಾಬಾಯಿ ಸೆರಗು ಸರಿಸಿ ಎದೆಗೂಡಿನ ಮೇಲಿನ ಗೆರೆಯನ್ನು ತೋರಿಸಿದಳು. ಉಗುರಿನಷ್ಟು ಉದ್ದ. "ಅರ್ಧ ಗಾಯ ನಂದು, ಅರ್ಧ ರಾಜಂದು. ಅವನ ಕುತಿಗಿ ಕೆಳಗ."

ಶೈಲಾ ಬುತ್ತಿಯನ್ನು ಕಟ್ಟಿ ಎದ್ದಳು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿ ಹತ್ತಿತು. ಮನೆಯವರೆಗೂ ದಾರಿಯಲ್ಲಿ ಸಿಕ್ಕವರಿಗೆ ಉತ್ತರ ಕೊಡದೆ ನಡೆದಳು.

ಗುರವ್ವ ಅಡುಗೆಮನೆಯಲ್ಲಿ ಹಬ್ಬಕ್ಕೆ ಬೇಳೆ ಹಸನು ಮಾಡುತ್ತಿದ್ದಳು. ಶೈಲಾ ಕಚ್ಚಿನ ರೂಪಾಯಿಯನ್ನು ತಂದು ಮೊರದೊಳಗೆ, ಬೇಳೆಯ ಮೇಲೆ ಇಟ್ಟಳು.

"ಇದು ಬಾಳಾಬಾಯಿದು."

ಗುರವ್ವನ ಬೆರಳುಗಳು ಬೇಳೆಯಲ್ಲೇ ನಿಂತವು. ರೂಪಾಯಿಯನ್ನು ನೋಡುತ್ತಲೇ ಹೇಳಿದಳು: "ಹಳದಿ ಅರಿವ್ಯಾಗ ಗಂಟ ಕಟ್ಟಿ ಕೊಟ್ಟಿದ್ಲು. ಅಕ್ಕಾರ, ಆರ ತಿಂಗಳ ಇಟ್ಟಗೋರಿ ಅಂದ್ಲು. ಆ ದೀಪಾವಳಿಗಿ ಬೀಗರು ಬಂದಿದ್ರು. ಇವರ ಮನ್ಯಾಗ ಲಕ್ಷ್ಮಿಗಿ ಇಡಾಕ ಒಂದ ಹಳೇ ರೂಪಾಯಿ ಇಲ್ಲ ಅಂತ ನಕ್ಕರು. ನಿಮ್ಮ ಮಾವಗ ಅದ ಹತ್ತಿತು. ಅಕ್ಕಸಾಲ್ಯಾನ ಕಡೆ ಒಯ್ದು ಕೊಂಡಿ ಕೀಳಿಸಿ ತಂದ್ರು."

"ಅಷ್ಟಕ್ಕ?"

"ಅಷ್ಟಕ್ಕ."

"ಅಕಿ ಬಂದ ಕೇಳಿದಾಗ ನೀವ ಎಲ್ಲಿದ್ರಿ?"

"ಇಲ್ಲೇ. ಬಾಗಲ ಹಿಂದ ನಿಂತಿದ್ದೆ. ಆಗ ನನಗ ಇಪ್ಪತ್ತೈದ ವರ್ಷ ಶೈಲಾ. ಏನ ಮಾತಾಡ್ಲಿ?"

"ಈಗೆಷ್ಟ್ರಿ?"

ಗುರವ್ವ ಮೊರವನ್ನು ಕೆಳಗಿಟ್ಟಳು.

"ಹೋಳಿಗಿ ಮ್ಯಾಲ ತುಪ್ಪಾ ಸುರದ್ರ ಅವನ ಹೆಸರ ತೊಳೀತೈತೇನ್ರಿ? ನನಗೂ ಹಂಗ ಮಾಡಾಕ ಹತ್ತಿದ್ರಿ. ನಿಮ್ಮ ಮಗ ಓಣಿ ಮುಂದ ನನ್ನ ಬೈದ, ನನ್ನಪ್ಪಗ ಬೈದ. ನೀವ ಹಂಗ ಬಾಗಲ ಹಿಂದ ನಿಂತ್ರಿ."

ಸಂಜೆ ಮನೆಯಲ್ಲಿ ದೊಡ್ಡ ರಂಪವಾಯಿತು. ಬಸಗೊಂಡ ಮೊದಲು ಇಲ್ಲ ಎಂದ. ಆಮೇಲೆ, "ಹೌದು, ಏನೀಗ?" ಎಂದ. "ಐವತ್ತ ವರ್ಷ ಅವರ ಹೊಟ್ಟಿಗಿ ಕೆಲಸಾ ಕೊಟ್ಟೀನಿ. ಬ್ಯಾರೆಯವ್ರ ಕೊಟ್ಟಿದ್ರೇನ?"

"ಕೆಲಸಾ ಕೊಟ್ರಿ, ಅಕಿ ಮಾಡಿದ್ಲು. ಸರಾ ಯಾವ ಲೆಕ್ಕ?" ಎಂದಳು ಶೈಲಾ.

"ನಾಲಿಗಿ ಭಾಳ ಉದ್ದ ಆಗೇತಿ ನಿಂದು."

ಕಲ್ಮೇಶ ತಲೆ ಕೆಳಗೆ ಹಾಕಿ ಕೂತಿದ್ದವನು, "ಹೊರಗ ಗೊತ್ತಾದ್ರ ಮರ್ಯಾದಿ ಹೋಗ್ತೈತಿ. ಲಗೂನ ಬೆಳ್ಳಿ ರೇಟಿಗಿ ಮಾರಿಬಿಡೂಣ. ಅಕಿಗಿ ಒಂದ ಸೀರಿ ಕೊಡೂಣ," ಎಂದ.

ಸೃಷ್ಟಿ ಪುಸ್ತಕ ಮುಚ್ಚಿದಳು. "ಪಪ್ಪಾ, ಅಜ್ಜ ಕದ್ದಾನ ಅಂತ ನಾಚಿಕಿ ಬಂತು. ನಿಮ್ಮ ಮಾತ ಕೇಳಿ ಡಬಲ್ ಆತು."

ಅವಳಿಗೊಂದು ಏಟು ಬಿತ್ತು. ಕಲ್ಮೇಶ ಹೊಡೆದ ಕೈಯನ್ನು ತಾನೇ ನೋಡಿಕೊಳ್ಳುತ್ತ ಹೊರಗೆ ಹೋದ. ಡಬ್ಬಿಯ ಕೀಲಿಯನ್ನು ಶೈಲಾ ಅಂದೇ ತನ್ನ ಸೆರಗಿಗೆ ಕಟ್ಟಿಕೊಂಡಳು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಗುರವ್ವ ಸ್ನಾನ ಮಾಡಿ ಸೊಸೆಯ ಮುಂದೆ ಕೈ ಒಡ್ಡಿದಳು. "ಕೀಲಿ ಕೊಡ."

"ಪೂಜಾಕ್ಕೇನ್ರಿ?"

"ಅಲ್ಲ. ನೀನೂ ಬಾ. ಒಬ್ಬಾಕಿಗಿ ಕಾಲ ಬರಂಗಿಲ್ಲ."

ತನ್ನ ಎಪ್ಪತ್ತೆರಡು ವರ್ಷದಲ್ಲಿ ಗುರವ್ವ ಬಾಳಾಬಾಯಿಯ ವಸ್ತಿಗೆ ಕಾಲಿಟ್ಟಿರಲಿಲ್ಲ. ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರು ದಾರಿ ಬಿಟ್ಟರು. ಬಾಳಾಬಾಯಿ ಮನೆಯ ಮುಂದೆ ಸಗಣಿ ಸಾರಿಸುತ್ತಿದ್ದಳು. "ಅಕ್ಕಾರ, ನೀವ್ಯಾಕ ಬಂದ್ರಿ? ಹೇಳಿ ಕಳಿಸಿದ್ರ ನಾ ಬರ್ತಿದ್ದೆ. ಕುಂದ್ರಿ," ಎಂದು ಗೋಣಿತಾಟು ಹಾಸಿದಳು.

ಗುರವ್ವ ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ ಹನ್ನೊಂದು ರೂಪಾಯಿಯನ್ನು ಗೋಣಿತಾಟಿನ ಮೇಲೆ ಸುರಿದಳು. ನಳದ ಹತ್ತಿರದವರಿಗೂ ಕೇಳುವಂತೆ ಹೇಳಿದಳು. "ಬಾಳಾಬಾಯಿ, ಪಂಡಿತ ನಿನ್ನ ಸರಾ ಒಯ್ದಿಲ್ಲ. ಕುಡದಿಲ್ಲ. ನಮ್ಮ ಮನ್ಯಾಗಿತ್ತು. ನಮ್ಮವರ ಸುಳ್ಳ ಹೇಳಿದ್ರು, ನಾ ಕೇಳಿಸಿಕೊಂಡ ಸುಮ್ಮನಿದ್ದೆ."

ಬಾಳಾಬಾಯಿ ಸಗಣಿ ಕೈಯನ್ನು ಸೀರೆಗೆ ಒರೆಸಿ ರೂಪಾಯಿಗಳನ್ನು ತಿರುವಿದಳು. ಕಣ್ಣು ಮಂಜು. ಹೆಬ್ಬೆರಳಿನಿಂದ ಒಂದೊಂದರ ಅಂಚನ್ನೂ ಸವರುತ್ತ ಹೋದಳು. ಏಳನೆಯದಕ್ಕೆ ಹೆಬ್ಬೆರಳು ನಿಂತಿತು. ಅದನ್ನು ಎತ್ತಿ ಎದೆಗೂಡಿನ ಗೆರೆಯ ಮೇಲೆ ಇಟ್ಟುಕೊಂಡಳು.

"ಒಂದ ತಿಂಗಳ ತಾಟ ಬೋರಲ ಹಾಕಿದ್ದೆ," ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. ಆಮೇಲೆ ಗುರವ್ವನ ಮುಖ ನೋಡಿದಳು. "ನಿನ್ನ ಹೋಳಿಗಿ ತಿಂದೀನಲ್ಲ ಗುರವ್ವ. ಹಬ್ಬಕ್ಕೊಮ್ಮಿ ತಿಂದೀನಿ. ಎಷ್ಟ ಚಲೋ ಮನಸಾಕಿ ಅಂತ ಊರತುಂಬ ಹೇಳಿ ಬಂದೀನಿ." ಅಕ್ಕಾರ ಎನ್ನಲಿಲ್ಲ. ರಿ ಹಚ್ಚಲಿಲ್ಲ.

"ಬಾಳವ್ವಾ," ಎಂದಳು ಶೈಲಾ.

"ನೀ ನಿಲ್ಲ, ತಂಗಿ. ನಿನ್ನ ಮ್ಯಾಲ ನಂದೇನಿಲ್ಲ. ನಿಮ್ಮ ಮಾವಗ ಹೇಳ, ಅಕಿ ಬಂದು ಹೇಳಿದ್ದು ಸಾಲೂದಿಲ್ಲ. ಪಂಡಿತಗ ಹೆಸರಿಟ್ಟಾಂವ ಅಂವ. ಅಂವನ ಈ ನಳದ ಮುಂದ ಬಂದು ನಿಂತು ಹೇಳಲಿ. ಅಲ್ಲೀತನಕ ನಿಮ್ಮ ಹೊಲಕ್ಕ ನಾನೂ ಬರಂಗಿಲ್ಲ, ಈ ವಸ್ತಿದ ಒಂದ ಆಳೂ ಬರಂಗಿಲ್ಲ."

ಸಂಜೆ ಪೂಜೆಗೆ ಕೂತ ಬಸಗೊಂಡ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮುಚ್ಚಿದ. ಬಾಳಾಬಾಯಿ ಹೇಳಿದ್ದನ್ನು ಶೈಲಾ ಅಕ್ಷರ ಬಿಡದೆ ಹೇಳಿದಳು. "ನಾ ಆ ನಳದ ಮುಂದ ಹೋಗಿ ನಿಲ್ಲಾಂವಲ್ಲ," ಎಂದ ಅವನು.

ಹೋಳಿಗೆ ಆಗಿತ್ತು, ಕಟ್ಟಿನ ಸಾರು ಆಗಿತ್ತು. ಅಡುಗೆಮನೆಯಲ್ಲಿ ಐದು ತಾಟುಗಳನ್ನು ಬೋರಲು ಹಾಕಿ ಶೈಲಾ ಎದುರಿಗೆ ಕೂತಿದ್ದಳು. ಕಲ್ಮೇಶ ಬಂದು ನಿಂತ.

"ಊಟಕ್ಕ ಹಾಕ."

"ಮೊದಲ ಫೋನ್ ಹಚ್ಚ್ರಿ. ಯಳವಿಗಿ."

"ಹಬ್ಬದ ದಿನಾ ಯಾಕ?"

"ಬೈಯಾಕ ಹಬ್ಬ ಮುಗೀಲಿ ಅಂತ ಕಾದಿದ್ರೇನ?"

ಅವನು ಅವ್ವನ ಕಡೆ ನೋಡಿದ. ಗುರವ್ವ ಮೂಲೆಯಲ್ಲಿ ಕೂತವಳು, "ಹಚ್ಚ," ಎಂದಳು. ಮನೆಯಲ್ಲಿ ಅವಳು ಮಗನಿಗೆ ಹೀಗೆ ಹೇಳಿದ್ದು ಇದೇ ಮೊದಲು. ಸೃಷ್ಟಿ ಫೋನು ಇಸಿದುಕೊಂಡು ತಾನೇ ನಂಬರು ಒತ್ತಿ, ಸ್ಪೀಕರ್ ಹಾಕಿ ಅಪ್ಪನ ಕೈಗೆ ಕೊಟ್ಟಳು.

"ಹಲೋ, ಅಳಿಯಂದ್ರ," ಎಂದ ಶೈಲಾಳ ಅಪ್ಪ. ದನಿಯಲ್ಲಿ ಅಂಜಿಕೆ ಇತ್ತು. "ಮತ್ತೇನರೆ ತಪ್ಪಾತೇನ್ರಿ?"

ಕಲ್ಮೇಶ ಹೊಸ್ತಿಲು ನೋಡುತ್ತ ಹೇಳಿದ. "ಇಲ್ರಿ ಮಾವಾರ. ನಿಮ್ಮ ಮಗಳದು ತಪ್ಪಿದ್ದಿಲ್ಲ. ರೂಪಾಯಿ ಅಕಿ ಕೆಡಿಸಿಲ್ಲ. ನಂದ ತಪ್ಪು."

ಶೈಲಾ ಎದ್ದು ತಾಟುಗಳನ್ನು ತಿರುವಿ ಹಾಕಿದಳು. ಮಗಳದು, ಗಂಡನದು, ತನ್ನದು. ಅತ್ತೆಯದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತು, ಅದನ್ನೂ ಹಾಕಿದಳು. ಹೋಳಿಗೆ ಬಡಿಸಿದಳು.

ಹೊರಗೆ ಬಸಗೊಂಡ ಎರಡು ಸಲ ಕೆಮ್ಮಿದ. ಮೂರನೆಯ ಸಲ ಗುರವ್ವಾ ಎಂದು ಕೂಗಿದ. ಗುರವ್ವ ತನ್ನ ತಾಟಿನ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡಳು. ಐದನೆಯ ತಾಟು ಬೋರಲಾಗಿಯೇ ಇತ್ತು.